ಮಗುವಿನ ಲೆಕ್ಕ ಬೇರೆ, ಗಂಡ-ಹೆಂಡತಿಯ ಲೆಕ್ಕ ಬೇರೆ: ಬೆಂಗಳೂರು ಕೌಟುಂಬಿಕ ನ್ಯಾಯಾಲಯದ ಒಂದು ಪ್ರಕರಣ ಅಧ್ಯಯನ

ಇಲ್ಲಿರುವ ಕುಟುಂಬ ಯಾವುದೇ ಒಂದು ನಿರ್ದಿಷ್ಟ ಮನೆಯದಲ್ಲ. ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯದಲ್ಲಿ ಮತ್ತೆ ಮತ್ತೆ ಕಾಣಿಸುವ ಸಂಗತಿಗಳನ್ನು ಒಂದೇ ಪ್ರಕರಣವಾಗಿ ಹೆಣೆದಿದ್ದೇವೆ. ಸಂಬಳ, ಶುಲ್ಕ, ವಾಯ್ದೆಯ (ವಿಚಾರಣೆಯ) ತಾರೀಖುಗಳು ಲೆಕ್ಕ ಅರ್ಥವಾಗಲೆಂದು ಇಟ್ಟುಕೊಂಡವು. ಕಾಯ್ದೆ, ಕಲಂ, ಸುಪ್ರೀಂ ಕೋರ್ಟ್ ತೀರ್ಪುಗಳು ಇದ್ದದ್ದು ಇದ್ದ ಹಾಗೆ.

ಮದುವೆ 2014ರಲ್ಲಿ ತುಮಕೂರಿನಲ್ಲಿ ಆಯಿತು. ಸಂಸಾರ ಬನಶಂಕರಿಯಲ್ಲಿ, ಇಬ್ಬರ ಹೆಸರಿನಲ್ಲೂ ಇರುವ, ಸಾಲದ ಕಂತು ನಡೆಯುತ್ತಿರುವ ಫ್ಲ್ಯಾಟಿನಲ್ಲಿ. ಗಂಡ ಸಾಫ್ಟ್‌ವೇರ್ ಕಂಪನಿಯ ಉದ್ಯೋಗಿ, ಕೈಗೆ ಬರುವ ಸಂಬಳ ತಿಂಗಳಿಗೆ 1,28,000 ರೂಪಾಯಿ. ಹೆಂಡತಿ ಖಾಸಗಿ ಶಾಲೆಯ ಶಿಕ್ಷಕಿ, ಕೈಗೆ 32,000. ಒಬ್ಬಳೇ ಮಗಳು, ಬಸವನಗುಡಿಯ ಶಾಲೆಯಲ್ಲಿ ಓದುತ್ತಾಳೆ, ಆಗ ಆರು ವರ್ಷ. 2023ರ ಮಾರ್ಚ್‌ನಲ್ಲಿ ಹೆಂಡತಿ ಮಗಳನ್ನು ಕರೆದುಕೊಂಡು ರಾಜಾಜಿನಗರದ ತವರಿಗೆ ಬಂದರು. ಹೊಡೆತ ಬಡಿತದ ಪ್ರಕರಣವಲ್ಲ ಇದು. ವರ್ಷಗಟ್ಟಲೆ ಮಾತು ಬಿಡುವುದು, ನೆಂಟರ ಎದುರು ಹೀಯಾಳಿಸುವುದು, ಸಂಬಳದ ಪ್ರತಿ ರೂಪಾಯಿಗೂ ಲೆಕ್ಕ ಕೇಳುವುದು, ಹೀಗೆ ಕೂಡಿಕೊಂಡು ಬಂದದ್ದು.

ಮನೆ ಬಿಟ್ಟ ಮೊದಲ ವಾರಗಳು

ತವರಿಗೆ ಬಂದ ಕೂಡಲೇ ಎಲ್ಲರೂ ಕೊಟ್ಟ ಸಲಹೆ ಒಂದೇ: ಮಗುವನ್ನು ಹತ್ತಿರದ ಶಾಲೆಗೆ ಸೇರಿಸು. ತಾಯಿ ಸೇರಿಸಲಿಲ್ಲ. ವ್ಯಾನಿಗೆ ತಿಂಗಳಿಗೆ 3,000 ರೂಪಾಯಿ ಹೆಚ್ಚಾದರೂ ಬಸವನಗುಡಿಯ ಶಾಲೆಯಲ್ಲೇ ಮುಂದುವರಿಸಿದರು. ಇಡೀ ಪ್ರಕರಣದಲ್ಲಿ ಆಕೆಗೆ ಅತಿ ಹೆಚ್ಚು ನೆರವಾದ ನಿರ್ಧಾರ ಅದು. ಮಗುವಿನ ದಿನಚರಿ ಕದಲದಂತೆ ನೋಡಿಕೊಂಡವರು ಯಾರು ಎಂಬುದನ್ನು ನ್ಯಾಯಾಧೀಶರು ಮೊದಲು ಗಮನಿಸುತ್ತಾರೆ. ಅಪ್ಪನಿಗೆ ತಿಳಿಸದೆ ಟಿಸಿ ತೆಗೆಸಿಕೊಂಡು ಹೋದ ತಾಯಿ, ಶಾಲೆಯ ಗೇಟಿನಿಂದಲೇ ಮಗುವನ್ನು ಎತ್ತಿಕೊಂಡು ಹೋದ ತಂದೆ, ಇಬ್ಬರೂ ಮುಂದೆ ಅದಕ್ಕೆ ವಿವರಣೆ ಕೊಡುವುದರಲ್ಲೇ ವಾಯ್ದೆಗಳನ್ನು ಕಳೆಯುತ್ತಾರೆ.

ಮನೆ ಬಿಡುವಾಗ ಆಕೆ ತಂದದ್ದು ಮಗುವಿನ ಜನನ ಪ್ರಮಾಣಪತ್ರ, ಲಸಿಕೆ ಕಾರ್ಡು ಮತ್ತು ಆಧಾರ್. ಬಿಟ್ಟು ಬಂದದ್ದು ಮದುವೆ ನೋಂದಣಿ ಪತ್ರ, ಒಡವೆಯ ಬಿಲ್ಲುಗಳು, ಫ್ಲ್ಯಾಟಿನ ಕಾಗದಪತ್ರ. ನೋಂದಣಿ ಪತ್ರದ ನಕಲು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಸಿಗುತ್ತದೆ, ಕ್ರಯಪತ್ರದ್ದೂ ಸಿಗುತ್ತದೆ. ಒಡವೆಯ ಬಿಲ್ಲಿಗೆ ಮಾತ್ರ ಬೇರೆ ದಾರಿಯಿಲ್ಲ. ಮದುವೆಯ ಫೋಟೊ ಆಲ್ಬಂ ನೋಡಿ, ಯಾವ ಸರ, ಎಷ್ಟು ಬಳೆ, ಅಂದಾಜು ಎಷ್ಟು ಗ್ರಾಂ, ಯಾರು ಹಾಕಿದ್ದು ಎಂದು ಪಟ್ಟಿ ಬರೆದಿಟ್ಟುಕೊಂಡರು. ಎರಡು ವರ್ಷದ ನಂತರ ರಾಜಿಯ ಹೊತ್ತಿನಲ್ಲಿ ಸ್ತ್ರೀಧನದ ಮಾತು ಬಂದಾಗ ಆ ಪಟ್ಟಿಯೇ ಆಧಾರವಾಯಿತು.

ಪೊಲೀಸ್ ದೂರು ಕೊಡು ಎಂಬ ಒತ್ತಡವೂ ಇತ್ತು. ದೈಹಿಕ ಹಿಂಸೆ, ಬೆದರಿಕೆ ಇದ್ದರೆ ಒಂದು ದಿನವೂ ತಡಮಾಡಬಾರದು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಮ್ಯಾಜಿಸ್ಟ್ರೇಟರ ಮುಂದೆ ರಕ್ಷಣೆ, ವಾಸದ ಹಕ್ಕು, ಹಣಕಾಸು ನೆರವು, ಮಗುವಿನ ತಾತ್ಕಾಲಿಕ ಸುಪರ್ದು (ಮಗುವನ್ನು ತನ್ನ ಬಳಿ ಇಟ್ಟುಕೊಳ್ಳುವ ಹಕ್ಕು), ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು. ಆದರೆ ಜೀವನಾಂಶ ಬೇಗ ಬರಲಿ ಎಂಬ ಒಂದೇ ಕಾರಣಕ್ಕೆ ಹಾಕುವ ಕ್ರಿಮಿನಲ್ ದೂರು ನಮ್ಮ ಅಭಿಪ್ರಾಯದಲ್ಲಿ ಮಗುವಿಗೆ ಮಾಡುವ ಅನ್ಯಾಯ. ಹೆಂಡತಿಯ ಮೇಲಿನ ಕ್ರೌರ್ಯದ ಅಪರಾಧ, ಅಂದರೆ ಹಳೆಯ ದಂಡ ಸಂಹಿತೆಯ 498ಎ, ಈಗಿನ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ, ಮನೆಯವರೇ ರಾಜಿಯಾಗಿ ವಾಪಸು ತೆಗೆದುಕೊಳ್ಳುವಂಥದ್ದಲ್ಲ. ಮುಂದೆ ಎಲ್ಲ ಸರಿಹೋದರೂ ಅದನ್ನು ರದ್ದು ಮಾಡಿಸಲು ಹೈಕೋರ್ಟಿಗೇ ಹೋಗಬೇಕು. ಈಕೆ ದೂರು ಕೊಡಲಿಲ್ಲ.

ಅರ್ಜಿ ಎಲ್ಲಿ, ಯಾವ ಕಲಂ ಅಡಿ

ತುಮಕೂರಿಗೆ ಓಡಾಡುವ ಅಗತ್ಯ ಬರಲಿಲ್ಲ. ಹಿಂದೂ ವಿವಾಹ ಕಾಯ್ದೆ, 1955ರ 19ನೇ ಕಲಂ ಪ್ರಕಾರ ಮದುವೆ ನಡೆದ ಊರು, ಎದುರುದಾರರು ಇರುವ ಊರು, ದಂಪತಿ ಕೊನೆಗೆ ಒಟ್ಟಿಗಿದ್ದ ಊರು, ಅರ್ಜಿ ಹಾಕುವವರು ಹೆಂಡತಿಯಾದರೆ ಆಕೆ ಈಗ ವಾಸವಿರುವ ಊರು, ಇವುಗಳಲ್ಲಿ ಎಲ್ಲಿಯಾದರೂ ಹಾಕಬಹುದು. ಬೆಂಗಳೂರಿನಲ್ಲಿ ಕೌಟುಂಬಿಕ ನ್ಯಾಯಾಲಯ ಇರುವುದು ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ. ಶಾಂತಿನಗರ ಬಸ್ ನಿಲ್ದಾಣದಿಂದ ದೂರವಿಲ್ಲ. ಮಧ್ಯಸ್ಥಿಕೆ ಕೇಂದ್ರ, ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಎರಡೂ ಅದೇ ಆವರಣದಲ್ಲಿವೆ. ಮಹಿಳೆಯರು ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವು ಪಡೆಯುವ ಹಕ್ಕು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂನಲ್ಲಿದೆ. ಸಹಾಯವಾಣಿ 15100. ಸಂಬಳ ಇದೆಯಲ್ಲ, ನನಗೆಲ್ಲಿ ಕೊಡುತ್ತಾರೆ ಎಂದುಕೊಂಡು ಕೇಳದೇ ಇರುವವರು ಬಹಳ ಮಂದಿ.

2023ರ ಜೂನ್ 12ರಂದು ಅರ್ಜಿ ಸಲ್ಲಿಕೆಯಾಗಿ ಎಂ.ಸಿ. (ವೈವಾಹಿಕ ಪ್ರಕರಣದ) ನಂಬರು ಬಿತ್ತು. ಕಲಂ 13(1)(ಐಎ), ಅಂದರೆ ಕ್ರೌರ್ಯ. ಜೊತೆಗೆ ಎರಡು ಐಎ, ಅಂದರೆ ಮುಖ್ಯ ಅರ್ಜಿಯೊಳಗಿನ ಮಧ್ಯಂತರ ಅರ್ಜಿಗಳು: 24ನೇ ಕಲಂ ಅಡಿ ಮಧ್ಯಂತರ ಜೀವನಾಂಶ ಮತ್ತು ವ್ಯಾಜ್ಯದ ಖರ್ಚು, 26ನೇ ಕಲಂ ಅಡಿ ಮಗುವಿನ ಸುಪರ್ದು ಮತ್ತು ಖರ್ಚು. ಇವೆರಡನ್ನೂ ಒಂದೇ ಐಎಯಲ್ಲಿ ತುರುಕದೆ ಬೇರೆಬೇರೆ ಹಾಕಿದ್ದು ಒಳ್ಳೆಯದಾಯಿತು. ಹೆಂಡತಿಗೆ ಸಂಬಳ ಇದೆ ಎಂಬ ಆಕ್ಷೇಪಣೆ 24ರ ಅರ್ಜಿಯನ್ನು ಅಲುಗಾಡಿಸಬಹುದು. 26ರ ಅರ್ಜಿಯನ್ನು ಅದು ಮುಟ್ಟುವುದಿಲ್ಲ.

ಮೊದಲ ಕರಡಿನಲ್ಲಿ “ಎದುರುದಾರರು ಮಾನಸಿಕ ಹಿಂಸೆ ನೀಡಿರುತ್ತಾರೆ” ಎಂಬ ವಾಕ್ಯ ಏಳು ಕಡೆ ಇತ್ತು, ಒಂದು ಕಡೆಯೂ ತಾರೀಖಿರಲಿಲ್ಲ. ಅಂಥ ಅರ್ಜಿ ಪಾಟೀ ಸವಾಲಿನಲ್ಲಿ (ಎದುರು ವಕೀಲರ ಪ್ರಶ್ನೆಗಳ ಮುಂದೆ) ಹತ್ತು ನಿಮಿಷ ನಿಲ್ಲುವುದಿಲ್ಲ. ತಿದ್ದಿದ ಅರ್ಜಿಯಲ್ಲಿ ಆರೇ ಘಟನೆಗಳು. ಪ್ರತಿಯೊಂದಕ್ಕೂ ತಿಂಗಳು, ಜಾಗ, ಅಲ್ಲಿದ್ದವರು, ಇದ್ದರೆ ಒಂದು ಕಾಗದ ಅಥವಾ ಸಂದೇಶ. ಇನ್ನೊಂದು ವಿಷಯ ಸ್ಪಷ್ಟವಾಗಿರಲಿ: ಸಂಬಂಧ ಪೂರ್ತಿ ಮುರಿದುಬಿದ್ದಿದೆ ಎಂಬುದು ಕೌಟುಂಬಿಕ ನ್ಯಾಯಾಲಯದಲ್ಲಿ ವಿಚ್ಛೇದನಕ್ಕೆ ಕಾರಣವಾಗುವುದಿಲ್ಲ. 2023ರ ಮೇ 1ರ ಶಿಲ್ಪಾ ಶೈಲೇಶ್ ತೀರ್ಪಿನಲ್ಲಿ ಹೇಳಿರುವ ಆ ಅಧಿಕಾರ ಸಂವಿಧಾನದ 142ನೇ ವಿಧಿಯಡಿ ಸುಪ್ರೀಂ ಕೋರ್ಟಿನದು ಮಾತ್ರ.

ಸಮನ್ಸಿನಲ್ಲಿ ಮೂರು ತಿಂಗಳು ಹೋಯಿತು. ಮೊದಲ ವಾಯ್ದೆಗೆ ಪಿಎಫ್ (ಸಮನ್ಸ್ ಕಳಿಸಲು ಕಟ್ಟುವ ಶುಲ್ಕ) ಕಟ್ಟಿರಲಿಲ್ಲ, ಸಮನ್ಸ್ ಹೊರಡಲೇ ಇಲ್ಲ. ಎರಡನೆಯ ಸಲ ರಿಜಿಸ್ಟರ್ಡ್ ಅಂಚೆ “ಬಾಗಿಲು ಹಾಕಿದೆ” ಎಂಬ ಷರಾದೊಂದಿಗೆ ವಾಪಸು ಬಂತು. ಹಗಲು ಹೊತ್ತು ಆಫೀಸಿನಲ್ಲಿರುವವರಿಗೆ ಮನೆಯ ವಿಳಾಸ ಒಂದನ್ನೇ ಕೊಟ್ಟರೆ ಹೀಗೇ ಆಗುವುದು. ಕಚೇರಿಯ ವಿಳಾಸ ಸೇರಿಸಿದ ಮೇಲೆ ಸೆಪ್ಟೆಂಬರ್‌ನಲ್ಲಿ ಜಾರಿಯಾಯಿತು. ಅರ್ಜಿ ಹಾಕಿದ ದಿನವೇ ಎರಡೂ ವಿಳಾಸ, ಮೊಬೈಲ್ ನಂಬರು, ಇಮೇಲ್ ಕೊಟ್ಟು, ಪಿಎಫ್ ಕಟ್ಟಿದ ರಸೀದಿಯನ್ನು ಕೈಯಲ್ಲಿಟ್ಟುಕೊಂಡೇ ಹೊರಬರಬೇಕು. ಮುಂದಿನ ವಾಯ್ದೆ ಯಾವಾಗ, ಯಾವ ಹಂತ ಎಂಬುದನ್ನು ಪ್ರಕರಣದ ಗುರುತಾದ 16 ಅಂಕಿ-ಅಕ್ಷರದ ಸಿಎನ್‌ಆರ್ ನಂಬರು ಹಾಕಿ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನೀವೇ ನೋಡಬಹುದು. ಅದಕ್ಕಾಗಿ ವಕೀಲರ ಕಚೇರಿಗೆ ದಿನವೂ ಫೋನು ಹಚ್ಚಬೇಕಿಲ್ಲ.

ಎರಡು ಹಾಲ್, ಎರಡು ಫೈಲು

ಸಮನ್ಸ್ ಮುಟ್ಟಿದ ಕೂಡಲೇ ತಂದೆ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 25ನೇ ಕಲಂ ಅಡಿ, ಮಗುವನ್ನು ತನ್ನ ಸುಪರ್ದಿಗೆ ಕೊಡಿ ಎಂದು ಪ್ರತ್ಯೇಕ ಅರ್ಜಿ ಹಾಕಿದರು. ಅದು ಇನ್ನೊಂದು ಕೋರ್ಟ್ ಹಾಲ್‌ಗೆ ಹೋಯಿತು. ಈಗ ಒಂದೇ ಮಗುವಿನ ಬಗ್ಗೆ ಇಬ್ಬರು ನ್ಯಾಯಾಧೀಶರು, ಎರಡು ಬಗೆಯ ವಾಯ್ದೆ, ಎರಡು ಸಲ ಅದೇ ಸಾಕ್ಷಿ. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ, 1984ರ 4ನೇ ಕಲಂ ಪ್ರಕಾರ ಪ್ರಕರಣಗಳನ್ನು ಹಂಚುವ ಅಧಿಕಾರ ಪ್ರಧಾನ ನ್ಯಾಯಾಧೀಶರದು. ಅವರ ಮುಂದೆ ಅರ್ಜಿ ಹಾಕಿ, ನವೆಂಬರ್‌ನಲ್ಲಿ ಎರಡನ್ನೂ ಒಂದೇ ಹಾಲ್‌ಗೆ ತರಿಸಲಾಯಿತು. ಇದು ಮೊದಲ ತಿಂಗಳಲ್ಲೇ ಆಗಬೇಕಾದ ಕೆಲಸ. ಎರಡೂ ಕಡೆ ಮಧ್ಯಂತರ ಆದೇಶಗಳಾಗಿ, ಅವು ಒಂದಕ್ಕೊಂದು ತಾಳೆಯಾಗದೆ ಹೋದ ಮೇಲೆ ಬಿಡಿಸುವುದು ಬಹಳ ಕಷ್ಟ.

ತಂದೆಯ ವಾದ ಇದು: ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆ, 1956ರ 6ನೇ ಕಲಂ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಲಿ ಎನ್ನುತ್ತದೆ, ಮಗಳಿಗೆ ಆರು, ಹಾಗಾಗಿ ಸಹಜ ಪೋಷಕನಾದ ತನಗೇ ಕೊಡಬೇಕು. ಓದಲು ಸರಿಯಾಗಿ ಕಂಡರೂ ಈ ವಾದ ಎಲ್ಲೂ ನಿಲ್ಲುವುದಿಲ್ಲ, ಏಕೆಂದರೆ ಅದೇ ಕಾಯ್ದೆಯ 13ನೇ ಕಲಂ ಮಗುವಿನ ಕ್ಷೇಮವೇ ಎಲ್ಲಕ್ಕಿಂತ ಮೇಲು ಎನ್ನುತ್ತದೆ. ಐದು ತುಂಬಿದ ಮರುದಿನ ಮಗು ಅಪ್ಪನ ಪಾಲಾಗುವುದೂ ಇಲ್ಲ, ಐದರೊಳಗೆ ತಾಯಿಯ ಹಕ್ಕು ಪ್ರಶ್ನಾತೀತವೂ ಅಲ್ಲ.

ಕ್ಷೇಮ ಎಂಬುದನ್ನು ಸಾಬೀತು ಮಾಡುವುದು ಸಣ್ಣಸಣ್ಣ ಕಾಗದಗಳು. ತಾಯಿ ಹಾಜರುಪಡಿಸಿದ್ದು ಶಾಲೆಯ ಡೈರಿಯ ಸಹಿಗಳು, ಪೋಷಕರ ಸಭೆಯ ಹಾಜರಿ, ಮಕ್ಕಳ ವೈದ್ಯರ ಚೀಟಿಗಳು, ಲಸಿಕೆ ಕಾರ್ಡು. ತಂದೆಯೂ ಬರಿಗೈಯಲ್ಲಿ ಬಂದಿರಲಿಲ್ಲ. ಪ್ರತಿ ಶನಿವಾರ ಮಗಳನ್ನು ಈಜು ತರಗತಿಗೆ ಕರೆದೊಯ್ದ ಎರಡು ವರ್ಷದ ರಸೀದಿಗಳು, ಗಣಿತದ ಹೋಂವರ್ಕ್ ಮೇಲೆ ಅವರ ಕೈಬರಹ. ಇವೂ ದಾಖಲೆಗೆ ಬಂದವು. ಸುಪರ್ದು ತಾಯಿಯ ಬಳಿಯೇ ಉಳಿದರೂ ಮುಂದೆ ತಂದೆಗೆ ರಾತ್ರಿ ತಂಗುವ ಭೇಟಿ ಸಿಕ್ಕಿದ್ದು ಈ ರಸೀದಿಗಳಿಂದ. ಹೆಂಡತಿಯ ನಡತೆಯ ಬಗ್ಗೆ ಬರೆದ ಪುಟಗಳಿಂದ ಅವರಿಗೆ ಒಂದು ಗಂಟೆಯೂ ಹೆಚ್ಚು ಸಿಗಲಿಲ್ಲ.

ವಾಟ್ಸ್‌ಆ್ಯಪ್ ಮಾತುಕತೆಯ ಪ್ರಿಂಟ್ ಹಾಕುವಾಗ ಎರಡೂ ಕಡೆಯವರು ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ ಪ್ರಮಾಣಪತ್ರ ಮರೆತಿದ್ದರು. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 14ನೇ ಕಲಂ ಸಾಕ್ಷ್ಯದ ನಿಯಮಗಳನ್ನು ಸಡಿಲಿಸುತ್ತದೆ ನಿಜ, ಅದನ್ನೇ ನಂಬಿ ಕೂರಬಾರದು. 2024ರ ಜುಲೈ 1ಕ್ಕೆ ಮೊದಲೇ ಬಾಕಿಯಿದ್ದ ಪ್ರಕರಣವಾದ್ದರಿಂದ ಇಲ್ಲಿ ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರ ಸಾಕಾಯಿತು. ಈಗ ಹೊಸದಾಗಿ ಹಾಕುವವರಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63(4) ಅನ್ವಯ. ಅದರ ನಮೂನೆಯಲ್ಲಿ ಎರಡು ಭಾಗ, ಎರಡನೆಯದಕ್ಕೆ ತಜ್ಞರ ಸಹಿ, ಜೊತೆಗೆ ಫೈಲಿನ ಹ್ಯಾಷ್ ಮೌಲ್ಯವೂ (ಫೈಲು ಬದಲಾಗಿಲ್ಲ ಎಂದು ತೋರಿಸುವ ಸಂಕೇತ) ಬೇಕು. ಮೂಲ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ.

ಆಸ್ತಿ-ಹೊಣೆಗಳ ಅಫಿಡವಿಟ್

ಪ್ರಕರಣದ ನಿಜವಾದ ತಿರುವು ಇಲ್ಲಿದೆ. 2020ರ ನವೆಂಬರ್ 4ರ ರಜನೇಶ್ ವಿರುದ್ಧ ನೇಹಾ ತೀರ್ಪಿನ ಪ್ರಕಾರ ಜೀವನಾಂಶ ಕೇಳುವವರು, ಕೊಡಬೇಕಾದವರು ಇಬ್ಬರೂ ಆದಾಯ, ಆಸ್ತಿ, ಸಾಲ, ಖರ್ಚುಗಳ ಅಫಿಡವಿಟ್ ಸಲ್ಲಿಸಬೇಕು. ನಮೂನೆಯನ್ನು ತೀರ್ಪಿಗೇ ಲಗತ್ತಿಸಲಾಗಿದೆ. ಎದುರುದಾರರಿಗೆ ಸಲ್ಲಿಸಲು ನಾಲ್ಕು ವಾರ. ಬೇರೆ ಕಡೆ ಜೀವನಾಂಶದ ಅರ್ಜಿ ಇದ್ದರೆ ಅದನ್ನೂ ಹೇಳಲೇಬೇಕು. ಜೀವನಾಂಶ ಎಣಿಕೆಯಾಗುವುದು ಅರ್ಜಿ ಹಾಕಿದ ದಿನದಿಂದ.

ತಂದೆ ಒಂದೇ ತಿಂಗಳ ಸಂಬಳ ಚೀಟಿ ಲಗತ್ತಿಸಿದ್ದರು. ವರ್ಷದ ಬೋನಸ್, ಕಂಪನಿ ಕೊಟ್ಟ ಷೇರು ಎರಡೂ ಅದರಲ್ಲಿ ಕಾಣುವುದಿಲ್ಲ. ಫಾರಂ 16 (ಕಂಪನಿ ಕೊಡುವ ವರ್ಷದ ಸಂಬಳ-ತೆರಿಗೆ ಪತ್ರ), ಮೂರು ವರ್ಷದ ಆದಾಯ ತೆರಿಗೆ ರಿಟರ್ನ್, ಎಲ್ಲ ಖಾತೆಗಳ ಸ್ಟೇಟ್‌ಮೆಂಟ್ ಕೇಳಿ ಐಎ ಹಾಕಿದಾಗ ಹೊರಬಂತು. ತಾಯಿ ಮಾಡಿದ ತಪ್ಪು ಸಣ್ಣದು, ಆದರೆ ದುಬಾರಿಯಾಯಿತು. ಸಂಜೆ ಮನೆಪಾಠದಿಂದ ತಿಂಗಳಿಗೆ ಆರೇಳು ಸಾವಿರ ಯುಪಿಐ ಮೂಲಕ ಬರುತ್ತಿತ್ತು, ಅದನ್ನು ಬರೆದಿರಲಿಲ್ಲ. ಆಕೆಯದೇ ಸ್ಟೇಟ್‌ಮೆಂಟಿನಲ್ಲಿ ಸಾಲುಸಾಲಾಗಿ ಕಾಣುತ್ತಿತ್ತು. ಬರೆದಿದ್ದರೆ ಅದರಿಂದ ಜೀವನಾಂಶ ಹೆಚ್ಚೇನೂ ಇಳಿಯುತ್ತಿರಲಿಲ್ಲ. ಮುಚ್ಚಿಟ್ಟದ್ದರಿಂದ ಉಳಿದ ಮಾತಿನ ತೂಕವೂ ಇಳಿಯಿತು, ಆಕೆಯ ಸ್ವಂತ ಜೀವನಾಂಶ ಕಡಿಮೆಯಾಯಿತು.

ಆಕೆ ಮೊದಲು ಕೇಳಿದ್ದು ತಿಂಗಳಿಗೆ ಒಟ್ಟಾರೆ 60,000. ಅದರ ವಿವರ ಎಲ್ಲೂ ಇರಲಿಲ್ಲ. ಆಮೇಲೆ ಮಗುವಿನ ಖರ್ಚನ್ನು ಬಿಡಿಸಿ ಬರೆಯಲಾಯಿತು: ಶಾಲಾ ಶುಲ್ಕ ವರ್ಷಕ್ಕೆ 1,20,000, ತಿಂಗಳಿಗೆ 10,000. ವ್ಯಾನು 3,000. ಪುಸ್ತಕ, ಸಮವಸ್ತ್ರ ವರ್ಷಕ್ಕೆ 15,000, ಅಂದರೆ 1,250. ಭರತನಾಟ್ಯದ ತರಗತಿ 1,500. ಹಾಲು, ಹಣ್ಣು, ಊಟ 5,500. ಬಟ್ಟೆ 1,500. ವೈದ್ಯರು, ಔಷಧಿ 1,250. ಶಾಲೆ ಬಿಟ್ಟ ಮೇಲೆ ನೋಡಿಕೊಳ್ಳುವವರಿಗೆ 4,000. ಒಟ್ಟು 28,000. ಪ್ರತಿಯೊಂದಕ್ಕೂ ರಸೀದಿ ಅಥವಾ ಖಾತೆಯ ನಮೂದು.

ಇಬ್ಬರ ಕೈಸಂಬಳ ಕೂಡಿಸಿದರೆ 1,60,000, ಅದರಲ್ಲಿ ತಂದೆಯದು ಐದರಲ್ಲಿ ನಾಲ್ಕು ಪಾಲು. ಆ ಲೆಕ್ಕಕ್ಕೆ 28,000ದಲ್ಲಿ ತಂದೆಯ ಹೊಣೆ 22,400, ತಾಯಿಯದು 5,600. ಇಂತಿಷ್ಟೇ ಅನುಪಾತ ಎಂದು ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಆದರೂ ಇಬ್ಬರೂ ದುಡಿಯುವ ಮನೆಯಲ್ಲಿ ವಾದ ಮಂಡಿಸಲು ಇದಕ್ಕಿಂತ ನ್ಯಾಯವಾದ ಅಳತೆ ಸಿಗುವುದು ಕಷ್ಟ, ಎದುರಿನವರೂ ಒಪ್ಪಿಕೊಳ್ಳುತ್ತಾರೆ.

2024ರ ಏಪ್ರಿಲ್ 15ರ ಮಧ್ಯಂತರ ಆದೇಶ ಹೀಗಿತ್ತು: ಶಾಲಾ ಶುಲ್ಕವನ್ನು ತಂದೆ ನೇರವಾಗಿ ಶಾಲೆಗೆ ಕಟ್ಟಬೇಕು, ಮಗುವಿಗೆ ತಿಂಗಳಿಗೆ 12,400, ಹೆಂಡತಿಗೆ 8,000, ವ್ಯಾಜ್ಯದ ಖರ್ಚು ಒಂದೇ ಸಲ 25,000. ತಿಂಗಳಿಗೆ 20,400ರಂತೆ ಅರ್ಜಿ ಹಾಕಿದ ಜೂನ್‌ನಿಂದ ಹತ್ತು ತಿಂಗಳಿಗೆ ಬಾಕಿ 2,04,000. ಈ ನಡುವೆ ತಂದೆ ಆರು ಸಲ 10,000 ಯುಪಿಐ ಮಾಡಿದ್ದರು, ನಾಲ್ಕು ಸಲ ಮಾವನ ಕೈಗೆ ನಗದು ಕೊಟ್ಟೆ ಎಂದರು. ನ್ಯಾಯಾಲಯ ಬಾಕಿಯಿಂದ ಕಳೆದದ್ದು ಯುಪಿಐಯ 60,000 ಮಾತ್ರ. ಉಳಿದ 1,44,000 ನಾಲ್ಕು ಕಂತಿನಲ್ಲಿ, 36,000ದಂತೆ. ನಗದು ನಿಜವಾಗಿ ಕೊಟ್ಟಿದ್ದಿರಬಹುದು. ರಸೀದಿಯಿಲ್ಲದ ಹಣ ನ್ಯಾಯಾಲಯದ ಪಾಲಿಗೆ ಕೊಡದ ಹಣವೇ. ಕೊಡುವವರು ಪ್ರತಿ ವರ್ಗಾವಣೆಯ ಟಿಪ್ಪಣಿಯಲ್ಲಿ “ಮಗುವಿನ ಜೀವನಾಂಶ, ಆಗಸ್ಟ್” ಎಂದು ಬರೆಯುವ ರೂಢಿ ಇಟ್ಟುಕೊಳ್ಳಬೇಕು.

ಕಾಯ್ದೆ ಈ ಮಧ್ಯಂತರ ಅರ್ಜಿಗಳನ್ನು ನೋಟಿಸು ಜಾರಿಯಾದ 60 ದಿನದೊಳಗೆ ಸಾಧ್ಯವಾದಷ್ಟೂ ಮುಗಿಸಿ ಎನ್ನುತ್ತದೆ. ಇಲ್ಲಿ ಏಳು ತಿಂಗಳು ಹಿಡಿಯಿತು. ಅದರಲ್ಲಿ ಬಹುಪಾಲು ಹೋದದ್ದು ಅರ್ಧಂಬರ್ಧ ಅಫಿಡವಿಟ್ ತಿದ್ದುವುದರಲ್ಲಿ.

ಭಾನುವಾರಗಳು ಕೆಟ್ಟದ್ದು ಹೇಗೆ

ಮೊದಲ ಮಧ್ಯಸ್ಥಿಕೆ 2023ರ ಡಿಸೆಂಬರ್‌ನಲ್ಲಿ ವಿಫಲವಾದರೂ ಒಂದು ತಾತ್ಕಾಲಿಕ ಒಪ್ಪಂದವಾಗಿತ್ತು: “ಪ್ರತಿ ಭಾನುವಾರ ತಂದೆಯ ಭೇಟಿ”. ಇಷ್ಟೇ. ಎಷ್ಟು ಗಂಟೆಗೆ, ಎಲ್ಲಿ, ಯಾರು ಕರೆತರುವುದು, ಮಗುವಿಗೆ ಜ್ವರ ಬಂದರೆ ಏನು, ಯಾವುದೂ ಇರಲಿಲ್ಲ. 2024ರ ಬೇಸಿಗೆಯ ಹೊತ್ತಿಗೆ ಎರಡು ಭಾನುವಾರಕ್ಕೊಂದು ತಪ್ಪುತ್ತಿತ್ತು. ತಾಯಿಯ ಸಂದೇಶ: “ಪಾಪುಗೆ ಹುಷಾರಿಲ್ಲ, ಈ ವಾರ ಬೇಡ.” ತಂದೆಯ ಉತ್ತರ: “ಯಾವಾಗ್ಲೂ ಇದೇ ಕಥೆ. ಕೋರ್ಟಲ್ಲಿ ನೋಡ್ಕೋತೀನಿ.” ಎರಡೂ ಸಂದೇಶಗಳು ಮುಂದೆ ದಾಖಲೆಯಾದವು, ಎರಡೂ ಬರೆದವರಿಗೇ ತಿರುಗಿದವು. ಅದೇ ಸಂದೇಶ ಹೀಗಿರಬೇಕಿತ್ತು: “ಬೆಳಗ್ಗೆ 7ಕ್ಕೆ 101 ಡಿಗ್ರಿ ಜ್ವರ ಇತ್ತು. ಡಾಕ್ಟರ್ ಚೀಟಿ ಕಳಿಸಿದ್ದೀನಿ. ಈ ವಾರದ ಬದಲು ಬರೋ ಶನಿವಾರ ಕರ್ಕೊಂಡು ಹೋಗಿ, ಸಂಜೆ ವಿಡಿಯೊ ಕಾಲ್ ಮಾಡಿಸ್ತೀನಿ.” ಕಾರಣ, ಪುರಾವೆ, ಬದಲಿ ದಿನ ಮೂರೂ ಇದ್ದರೆ ತಪ್ಪಿದ ಭೇಟಿ ಯಾರ ತಲೆಗೂ ಬರುವುದಿಲ್ಲ.

ಆಗಸ್ಟ್‌ನಲ್ಲಿ ನ್ಯಾಯಾಧೀಶರು ಮಗುವನ್ನು ಚೇಂಬರಿನಲ್ಲಿ ಒಬ್ಬಳನ್ನೇ ಮಾತಾಡಿಸಿದರು. ಅಪ್ಪ, ಅಮ್ಮ, ವಕೀಲರು ಎಲ್ಲ ಹೊರಗೆ. ಮಗಳು ತನಗೆ ಎರಡು ವರ್ಷವಿದ್ದಾಗ ಅಪ್ಪ ಅಜ್ಜಿಯನ್ನು ಬೈದ ಪ್ರಸಂಗವನ್ನು ವಿವರವಾಗಿ ಹೇಳಿದಳು. ಎರಡು ವರ್ಷದ ಮಗುವಿಗೆ ಅದು ನೆನಪಿರುವುದು ಸಾಧ್ಯವಿಲ್ಲ. ತವರಿನಲ್ಲಿ ಯಾರೋ ಮತ್ತೆ ಮತ್ತೆ ಹೇಳಿದ್ದು ಎಂದು ನ್ಯಾಯಾಧೀಶರಿಗೆ ಹೊಳೆಯಲು ಹೊತ್ತು ಹಿಡಿಯಲಿಲ್ಲ. ಒಬ್ಬ ಪೋಷಕರ ವಿರುದ್ಧ ಮಗುವಿನ ಮನಸ್ಸು ತಿರುಗಿಸುವುದರ ಬಗ್ಗೆ ಸುಪ್ರೀಂ ಕೋರ್ಟ್ 2017ರ ವಿವೇಕ್ ಸಿಂಗ್ ಪ್ರಕರಣದಲ್ಲಿ ಕಟುವಾಗಿ ಹೇಳಿದೆ. ತಾಯಿ ಸುಪರ್ದು ಕಳೆದುಕೊಳ್ಳಲಿಲ್ಲ, ಆದರೆ ತಂದೆ ಕೇಳಿದ ರಾತ್ರಿ ತಂಗುವ ಭೇಟಿಯನ್ನು ತಡೆಯಲು ಆಕೆಯ ಬಳಿ ಇನ್ನು ಮಾತು ಉಳಿದಿರಲಿಲ್ಲ. ನ್ಯಾಯಾಧೀಶರ ಮುಂದೆ ಹೋಗುವ ಮಗುವಿಗೆ ಹೇಳಿಕೊಡಬೇಕಾದದ್ದು ಏನೂ ಇಲ್ಲ. “ಅವರು ಕೇಳಿದ್ದಕ್ಕೆ ನಿನಗೆ ಅನಿಸಿದ್ದನ್ನು ಹೇಳು” ಎಂದಷ್ಟೇ ಹೇಳಿ ಕಳಿಸಬೇಕು.

ಸೆಪ್ಟೆಂಬರ್‌ನ ಪರಿಷ್ಕೃತ ಆದೇಶ ಎರಡು ಪುಟದ್ದು. ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬೆಳಗ್ಗೆ 10ರಿಂದ ಭಾನುವಾರ ಸಂಜೆ 6ರವರೆಗೆ ತಂದೆಯ ಬಳಿ. ಹಸ್ತಾಂತರ ರಾಜಾಜಿನಗರ ಮೆಟ್ರೊ ನಿಲ್ದಾಣದಲ್ಲಿ. ಅಲ್ಲಿಂದ ಬನಶಂಕರಿಗೆ ಹಸಿರು ಮಾರ್ಗದಲ್ಲಿ ಒಂದೇ ರೈಲು, ಯಾರ ಮನೆಯ ಬಾಗಿಲಿಗೂ ಯಾರೂ ಹೋಗಬೇಕಿಲ್ಲ, ಸಿಸಿಟಿವಿ ಇದೆ. ಅರ್ಧ ಗಂಟೆ ಕಾದು, ಬರದಿದ್ದರೆ ಆ ಭೇಟಿ ಮುಂದಿನ ಶನಿವಾರಕ್ಕೆ. ಬುಧವಾರ ಮತ್ತು ಭೇಟಿಯಿಲ್ಲದ ಭಾನುವಾರ ಸಂಜೆ 7.30ಕ್ಕೆ ಹತ್ತು ನಿಮಿಷ ವಿಡಿಯೊ ಕಾಲ್. 2020ರ ಯಶಿತಾ ಸಾಹು ತೀರ್ಪು ಭೇಟಿಯ ಜೊತೆಗೆ ಇಂಥ ಸಂಪರ್ಕವನ್ನೂ ಒತ್ತಿಹೇಳಿದೆ. ದಸರಾ ರಜೆ ಅರ್ಧರ್ಧ, ಬೇಸಿಗೆ ರಜೆಯಲ್ಲಿ ಎರಡು ಕಂತಿನಲ್ಲಿ ಹತ್ತು ಹತ್ತು ದಿನ. ಗೌರಿ-ಗಣೇಶ, ದೀಪಾವಳಿ, ಯುಗಾದಿ ಒಂದು ವರ್ಷ ಒಬ್ಬರಿಗೆ, ಮರುವರ್ಷ ಇನ್ನೊಬ್ಬರಿಗೆ. ಹುಟ್ಟುಹಬ್ಬದ ದಿನ ಮಗು ಯಾರ ಬಳಿ ಇರುತ್ತದೋ ಅವರು ಇನ್ನೊಬ್ಬರಿಗೆ ಎರಡು ಗಂಟೆ ಬಿಟ್ಟುಕೊಡಬೇಕು. ಹೋಂವರ್ಕ್, ಔಷಧಿ, ಕನ್ನಡಕ ಬ್ಯಾಗಿನಲ್ಲೇ ಬರಬೇಕು. ಈ ಆದೇಶದ ನಂತರ ತಪ್ಪಿದ ಭೇಟಿಗಳು ಬೆರಳೆಣಿಕೆ. ಜಗಳ ನಿಂತಿರಲಿಲ್ಲ, ಜಗಳವಾಡಲು ಆದೇಶದಲ್ಲಿ ಸಂದು ಉಳಿದಿರಲಿಲ್ಲ.

ಹಣ ನಿಂತಾಗ

2024ರ ನವೆಂಬರ್‌ನಿಂದ ಮೂರು ತಿಂಗಳು ತಂದೆ ಹಣ ಕಳಿಸಲಿಲ್ಲ. ಒಂದು ದೀಪಾವಳಿಯ ಭೇಟಿ ತಪ್ಪಿದ್ದಕ್ಕೆ ಪ್ರತೀಕಾರ. ತಾಯಿಯ ಮನೆಯಲ್ಲಿ “ಹಾಗಾದರೆ ಮಗೂನ ಕಳಿಸಬೇಡ” ಎಂಬ ಮಾತು ಬಂತು. ಅವರು ಕಳಿಸಿದರು, ಹಸ್ತಾಂತರದ ಫೋಟೊ ಇಟ್ಟುಕೊಂಡರು. ಅದು ಸರಿ. ಭೇಟಿ ತಪ್ಪಿತೆಂದು ಜೀವನಾಂಶ ನಿಲ್ಲಿಸುವಂತಿಲ್ಲ, ಜೀವನಾಂಶ ಬರಲಿಲ್ಲವೆಂದು ಭೇಟಿ ತಡೆಯುವಂತಿಲ್ಲ. ಭೇಟಿ ತಪ್ಪಿದರೆ ಅದಕ್ಕೆ ಆದೇಶ ಪಾಲನೆಯ ಅರ್ಜಿ ಇದೆ. ಹಣ ತಪ್ಪಿದರೆ ಅದಕ್ಕೆ ಅಮಲ್ಜಾರಿ, ಅಂದರೆ ಆದೇಶವನ್ನು ನ್ಯಾಯಾಲಯದ ಮೂಲಕವೇ ಜಾರಿ ಮಾಡಿಸುವ ದಾರಿ, ಇದೆ. ಎರಡನ್ನೂ ಬೆರೆಸಿದವರು ತಮ್ಮ ಸರಿಯಾದ ಹಕ್ಕನ್ನೂ ದುರ್ಬಲ ಮಾಡಿಕೊಳ್ಳುತ್ತಾರೆ.

ಬಾಕಿ 61,200ಕ್ಕೆ ಅಮಲ್ಜಾರಿ ಅರ್ಜಿ ಹಾಕಿ ಸಂಬಳ ಜಪ್ತಿ ಕೇಳಲಾಯಿತು. ಸಾಮಾನ್ಯ ಸಾಲದ ಡಿಕ್ರಿಗಿಂತ ಜೀವನಾಂಶದ ಡಿಕ್ರಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಹೆಚ್ಚು ಬಲ ಕೊಡುತ್ತದೆ: ಸಂಬಳದ ಮೂರನೇ ಒಂದು ಭಾಗಕ್ಕಷ್ಟೇ ರಕ್ಷಣೆ, ಉಳಿದದ್ದನ್ನು ಜಪ್ತಿ ಮಾಡಬಹುದು. ಕಂಪನಿಗೆ ಆದೇಶ ಹೋಗುತ್ತದೆ ಎಂದು ಗೊತ್ತಾದ ವಾರದಲ್ಲೇ ಹಣ ಬಂತು. ಒಂದು ಎಚ್ಚರಿಕೆ: ಜೀವನಾಂಶದ ಆದೇಶ ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಅಡಿ ಆಗಿದ್ದರೆ, ಬಾಕಿ ವಸೂಲಿಯ ವಾರಂಟಿಗೆ ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಎರಡು ಮೂರು ವರ್ಷದ ಬಾಕಿ ಒಟ್ಟಿಗೆ ಕೇಳೋಣ ಎಂದು ಕಾದವರು ಹಳೆಯದಕ್ಕೆ ಆ ದಾರಿ ಕಳೆದುಕೊಳ್ಳುತ್ತಾರೆ.

ರಾಜಿ, ಮತ್ತು ರಾಜಿಯ ಕರಡು

2025ರ ಮಾರ್ಚ್, ಏಪ್ರಿಲ್‌ನಲ್ಲಿ ಪಾಟೀ ಸವಾಲು ನಡೆಯಿತು. ಇಬ್ಬರಿಗೂ ತಮ್ಮ ತಮ್ಮ ಪ್ರಕರಣದ ದೌರ್ಬಲ್ಯ ಕಿವಿಯಾರೆ ಕೇಳಿಸಿತು. ಜೂನ್‌ನಲ್ಲಿ ನ್ಯಾಯಾಧೀಶರು ಮತ್ತೆ ಮಧ್ಯಸ್ಥಿಕೆಗೆ ಕಳಿಸಿದರು. 2007ರಿಂದ ನಡೆಯುತ್ತಿರುವ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರದಲ್ಲಿ ಕಕ್ಷಿದಾರರು ಶುಲ್ಕ ಕೊಡಬೇಕಿಲ್ಲ, ಅಲ್ಲಿ ಆಡಿದ ಮಾತು ಕೋರ್ಟಿನಲ್ಲಿ ಸಾಕ್ಷ್ಯವಾಗುವುದಿಲ್ಲ. ನಾಲ್ಕು ಬೈಠಕ್‌ಗಳಲ್ಲಿ ಒಪ್ಪಂದವಾಯಿತು.

ಮೊದಲ ಕರಡಿನಲ್ಲಿ “ಮಗುವಿಗೆ ಮುಂದೆ ಯಾವ ಜೀವನಾಂಶವನ್ನೂ ಕೇಳುವುದಿಲ್ಲ” ಎಂಬ ಸಾಲಿತ್ತು, ಬದಲಿಗೆ ಹೆಂಡತಿಗೆ ಒಂದಿಷ್ಟು ಹೆಚ್ಚು ಹಣ. ಆ ಸಾಲು ತೆಗೆಸಲಾಯಿತು. ಮಗುವಿನ ಹಕ್ಕನ್ನು ತಾಯಿ ಬಿಟ್ಟುಕೊಡಲು ಬರುವುದಿಲ್ಲ, ಬಿಟ್ಟುಕೊಟ್ಟಂತೆ ಬರೆದರೂ ನಾಳೆ ಅದು ಮಗುವನ್ನು ಕಟ್ಟಿಹಾಕುವುದಿಲ್ಲ. ಕೊನೆಗೆ ನಿಂತ ಷರತ್ತುಗಳು: ಹೆಂಡತಿಗೆ ಶಾಶ್ವತ ಜೀವನಾಂಶವಾಗಿ 12 ಲಕ್ಷ, ಅರ್ಧ ಜಂಟಿ ಅರ್ಜಿಯ ದಿನ, ಅರ್ಧ ಡಿಕ್ರಿಯ ದಿನ, ಎರಡೂ ಡಿಡಿ. ಶಾಲಾ ಶುಲ್ಕ ಎಷ್ಟೇ ಆಗಲಿ ತಂದೆಯದು. ಮಗುವಿಗೆ ತಿಂಗಳಿಗೆ 12,400, ಪ್ರತಿ ಜೂನ್‌ನಲ್ಲಿ ಶೇ 7 ಏರಿಕೆ. 18 ತುಂಬಿದ ಮೇಲೂ ಮೊದಲ ಪದವಿ ಮುಗಿಯುವ ತನಕ ಓದಿನ ಖರ್ಚು. ಸುಪರ್ದು ತಾಯಿಗೆ, ಭೇಟಿ ಸೆಪ್ಟೆಂಬರ್ ಆದೇಶದಂತೆ. ಮಗುವಿನ ಪಾಸ್‌ಪೋರ್ಟಿಗೆ, ಕೇಳಿದ 15 ದಿನದಲ್ಲಿ ತಂದೆ ಸಹಿ ಹಾಕಬೇಕು, ವಿದೇಶ ಪ್ರಯಾಣಕ್ಕೆ ಮುನ್ನ ಮಗುವನ್ನು ಕರೆದೊಯ್ಯುವವರು ಟಿಕೆಟ್ ವಿವರ ಕೊಡಬೇಕು.

ಹಣವನ್ನು ಎರಡು ಕಂತು ಮಾಡಿದ್ದಕ್ಕೆ ಕಾರಣವಿದೆ. 1991ರ ಸುರೇಷ್ಟಾ ದೇವಿ ತೀರ್ಪಿನ ಪ್ರಕಾರ ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಡಿಕ್ರಿಯಾಗುವವರೆಗೂ ಯಾರೊಬ್ಬರೂ ಒಪ್ಪಿಗೆ ಹಿಂಪಡೆಯಬಹುದು. ಪೂರ್ತಿ ಹಣ ಮೊದಲೇ ಕೊಟ್ಟವರೂ, ಪೂರ್ತಿ ಹಣ ಆಮೇಲೆ ಎಂದು ನಂಬಿದವರೂ ಸಿಕ್ಕಿಬಿದ್ದದ್ದುಂಟು.

ಫ್ಲ್ಯಾಟಿನದು ಬೇರೆಯೇ ಗಂಟು. ಹೆಂಡತಿ ತನ್ನ ಪಾಲನ್ನು ಗಂಡನಿಗೆ ಬಿಟ್ಟುಕೊಟ್ಟರು, ಅದರ ಮೌಲ್ಯ 12 ಲಕ್ಷದಲ್ಲಿ ಸೇರಿದೆ. ಆದರೆ ಗೃಹಸಾಲದಲ್ಲಿ ಆಕೆಯೂ ಸಹಸಾಲಗಾರ್ತಿ. ರಾಜಿ ಪತ್ರಕ್ಕೆ ಬ್ಯಾಂಕು ಸಹಿ ಹಾಕಿಲ್ಲ, ಬ್ಯಾಂಕನ್ನು ಅದು ಕಟ್ಟುವುದಿಲ್ಲ. ಗಂಡ ನಾಳೆ ಕಂತು ತಪ್ಪಿಸಿದರೆ ನೋಟಿಸು ಆಕೆಗೂ ಬರುತ್ತದೆ, ಆಕೆಯ ಸಿಬಿಲ್ ಅಂಕವೂ ಬೀಳುತ್ತದೆ. ಹಾಗಾಗಿ ಸಾಲವನ್ನು ಗಂಡನೊಬ್ಬನ ಹೆಸರಿಗೆ ಮಾಡಿಸಿದ ಬ್ಯಾಂಕಿನ ಪತ್ರ ಕೈಗೆ ಬಂದ ಮೇಲೆಯೇ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಎಂದು ಷರತ್ತು ಹಾಕಲಾಯಿತು. ಬಿಡುಗಡೆ ಪತ್ರವನ್ನು ಡಿಕ್ರಿಗೆ ಮೊದಲೇ ನೋಂದಣಿ ಮಾಡಿಸಿದ್ದೂ ಯೋಚಿಸಿಯೇ. ಕುಟುಂಬ ಸದಸ್ಯರ ನಡುವಿನ ಪತ್ರಗಳಿಗಿರುವ ಮುದ್ರಾಂಕ ಶುಲ್ಕದ ರಿಯಾಯಿತಿ ಗಂಡ-ಹೆಂಡತಿಯಾಗಿರುವ ತನಕದ ಮಾತು.

ಮಧ್ಯಸ್ಥಿಕೆಯ ಒಪ್ಪಂದವನ್ನು ನ್ಯಾಯಾಲಯಕ್ಕೆ ಸಲ್ಲಿಸಿ, ಕ್ರೌರ್ಯದ ಅರ್ಜಿಯನ್ನು 13ಬಿ ಅಡಿಯ, ಅಂದರೆ ಪರಸ್ಪರ ಒಪ್ಪಿಗೆಯ ಜಂಟಿ ಅರ್ಜಿಯಾಗಿ ಬದಲಿಸಲಾಯಿತು. ಜಂಟಿ ಅರ್ಜಿ ಹಾಕಿದ ಮೇಲಿನ ಆರು ತಿಂಗಳ ಕಾಯುವಿಕೆ ಮನ್ನಾ ಮಾಡಲು 2017ರ ಅಮರದೀಪ್ ಸಿಂಗ್ ತೀರ್ಪಿನಡಿ ಅರ್ಜಿ. ಅದಕ್ಕೆ ಬೇಕಾದದ್ದು: ಮೊದಲ ಅರ್ಜಿಗೆ ಮುನ್ನವೇ ಒಂದು ವರ್ಷ ಮತ್ತು ಅದರ ಮೇಲೆ ಆರು ತಿಂಗಳು ಬೇರೆ ಇದ್ದಿರಬೇಕು, ಮತ್ತೆ ಕೂಡಿಸುವ ಪ್ರಯತ್ನ ಫಲಿಸಿರಬಾರದು, ಜೀವನಾಂಶ, ಸುಪರ್ದು ಎಲ್ಲ ನಿಜವಾಗಿ ಇತ್ಯರ್ಥವಾಗಿರಬೇಕು, ಇನ್ನೂ ಕಾಯುವುದರಿಂದ ಸಂಕಟ ಬಿಟ್ಟು ಬೇರೇನೂ ಸಿಗದು ಎನ್ನುವಂತಿರಬೇಕು. 2023ರ ಮಾರ್ಚ್‌ನಿಂದ ಬೇರೆಯಿದ್ದವರಿಗೆ ಇದು ಕಷ್ಟವಾಗಲಿಲ್ಲ. ತಂದೆಯ ಗಾರ್ಡಿಯನ್ ಅರ್ಜಿಯನ್ನು ಅದೇ ದಿನ ಒಪ್ಪಂದದ ಪ್ರಕಾರ ಮುಕ್ತಾಯಗೊಳಿಸಿ, 2025ರ ಆಗಸ್ಟ್‌ನಲ್ಲಿ ಡಿಕ್ರಿಯಾಯಿತು. ಒಪ್ಪಿಗೆಯ ಡಿಕ್ರಿಗೆ ಮೇಲ್ಮನವಿ ಇಲ್ಲ.

ಡಿಕ್ರಿಯ ನಂತರದ ಕೆಲಸಗಳು

ಪ್ರಮಾಣೀಕೃತ ನಕಲು ಕನಿಷ್ಠ ಮೂರು ಪ್ರತಿ ತೆಗೆಸಿಕೊಳ್ಳಿ. ಒಪ್ಪಂದದ ಪುಟಗಳು ಡಿಕ್ರಿಯ ಭಾಗವಾಗಿ ಲಗತ್ತಾಗಿವೆಯೇ ಎಂದು ಕೌಂಟರಿನಲ್ಲೇ ನೋಡಿ. ಬರೀ “ಒಪ್ಪಂದದಂತೆ ಡಿಕ್ರಿ” ಎಂಬ ಒಂದು ಸಾಲಿನ ನಕಲು ಹಿಡಿದು ಹೋದರೆ ಪಾಸ್‌ಪೋರ್ಟ್ ಕಚೇರಿಯಲ್ಲಾಗಲಿ ಶಾಲೆಯಲ್ಲಾಗಲಿ ಕೆಲಸವಾಗುವುದಿಲ್ಲ. ಇಲ್ಲಿ ಶಾಲೆಗೆ ಒಂದು ಪ್ರತಿ ಕೊಟ್ಟು, ಮಗುವನ್ನು ಕರೆದೊಯ್ಯಬಹುದಾದವರ ಪಟ್ಟಿಯಲ್ಲಿ ತಂದೆಯ ಹೆಸರನ್ನು ಭೇಟಿಯ ದಿನಗಳ ಸಮೇತ ಬರೆಸಲಾಯಿತು. ಅಂಕಪಟ್ಟಿ, ಪೋಷಕರ ಸಭೆಯ ಸೂಚನೆ ಇಬ್ಬರ ಇಮೇಲ್‌ಗೂ ಹೋಗುವಂತೆ ಮಾಡಲಾಯಿತು.

ಭವಿಷ್ಯನಿಧಿ, ಬ್ಯಾಂಕು, ವಿಮೆಯ ನಾಮಿನಿ ತಾನಾಗಿಯೇ ಬದಲಾಗುವುದಿಲ್ಲ, ಇಬ್ಬರೂ ಬೇರೆಬೇರೆಯಾಗಿ ಬದಲಿಸಬೇಕು. ವಿಚ್ಛೇದನದ ನಂತರ ಗಂಡನ ಕಂಪನಿಯ ಆರೋಗ್ಯ ವಿಮೆಯಿಂದ ಹೆಂಡತಿಯ ಹೆಸರು ಹೋಗುತ್ತದೆ. ಮಗಳ ಹೆಸರು ಉಳಿಯುತ್ತದೆ, ಆದರೆ ವಿಮೆಯ ಕಾರ್ಡು ಇರುವುದು ತಂದೆಯ ಬಳಿ. ರಾತ್ರಿ ಹೊತ್ತು ಮಗುವನ್ನು ಆಸ್ಪತ್ರೆಗೆ ಸೇರಿಸುವ ತಾಯಿಯ ಫೋನಿನಲ್ಲಿ ಆ ಇ-ಕಾರ್ಡು ಮತ್ತು ಪಾಲಿಸಿ ನಂಬರು ಇರಬೇಕು, ಪ್ರತಿ ವರ್ಷ ನವೀಕರಣವಾದಾಗ ಹೊಸದನ್ನು ಕಳಿಸಬೇಕು. ಈ ಷರತ್ತು ಒಪ್ಪಂದದಲ್ಲಿ ಬಿಟ್ಟುಹೋಗಿತ್ತು. ಇಬ್ಬರೂ ಸಹಿ ಹಾಕಿದ ಒಂದು ಮೆಮೊ ಮೂಲಕ ಡಿಕ್ರಿಗೆ ಮೊದಲಿನ ಕೊನೆಯ ವಾಯ್ದೆಯಲ್ಲಿ ಸೇರಿಸಲಾಯಿತು.